'ಸೂಪರ್' ಅನ್ನೋದಕ್ಕೆ ಮುಂಚೆ

ಪ್ರೀತಿಯ ಗೆಳೆಯಾ,

ಈ ವರ್ಷ ಡ್ರಾಯಿಂಗ್ ಕ್ಲಾಸೂ ನಿನ್ನ ಕೊರಳಿಗೇ ಬಿತ್ತು ಅಂತ ನೀನು ಬರೆದಿದ್ದೆ. ಮಕ್ಕಳು ಪಕ್ಕದವರ ಚಿತ್ರ ನೋಡಿ ಒಂದೋ ನಗುತ್ತಾರೆ, ಇಲ್ಲಾ 'ಸೂಪರ್' ಅಂತಾರೆ, ಅಷ್ಟೇ, ಅಲ್ವಾ? ಇಲ್ಲಿ ಮುಂಬೈಯ ಮಾಟುಂಗದಲ್ಲಿ ನಾನು ಹೇಳಿಕೊಡುವ ಭಾನುವಾರದ ಡ್ರಾಯಿಂಗ್ ಕ್ಲಾಸಿನಲ್ಲೂ ಹಾಗೇ ಇತ್ತು.

ಈಗ ಚಿತ್ರಗಳನ್ನೆಲ್ಲ ಕ್ಲಿಪ್ ಹಾಕಿ ದಾರಕ್ಕೆ ತೂಗುಹಾಕುತ್ತೇವೆ. ಎರಡು ನಿಮಿಷ ಯಾರೂ ಮಾತಾಡಬಾರದು. ಆಮೇಲೆ ಕಣ್ಣಿಗೆ ಕಂಡದ್ದನ್ನು ಮಾತ್ರ ಹೇಳಬೇಕು, ಚೆನ್ನಾಗಿದೆ, ಚೆನ್ನಾಗಿಲ್ಲ ಎರಡೂ ಬೇಡ. ಬರೆದವರು ಕೊನೆಯವರೆಗೂ ಸುಮ್ನೆ ಕೇಳಬೇಕು. ಇದು ಅಮೆರಿಕದ ಕಲಾ ಶಿಕ್ಷಣ ತಜ್ಞ ಎಡ್ಮಂಡ್ ಫೆಲ್ಡ್‌ಮನ್ ಹೇಳಿಕೊಟ್ಟ ದಾರಿ: ಮೊದಲು ಏನಿದೆ, ಆಮೇಲೆ ಅದು ಹೇಗೆ ಜೋಡಣೆಯಾಗಿದೆ, ಆಮೇಲೆ ಅರ್ಥವೇನು, ಕಟ್ಟಕಡೆಗೆ ತೀರ್ಪು. ನಾವೆಲ್ಲ ನೇರ ತೀರ್ಪಿಗೇ ಹಾರುತ್ತೇವೆ.

ಹೋದ ವಾರ ಒಂಬತ್ತನೇ ಕ್ಲಾಸಿನ ಹುಡುಗಿಯ ಜಲವರ್ಣ ಚಿತ್ರ ತೂಗುಹಾಕಿದ್ದೆವು. ಮಳೆಯಲ್ಲಿ ಸ್ಟೇಷನ್ನಿನ ಸೇತುವೆ, ತುಂಬ ಕಪ್ಪು ಕೊಡೆಗಳು, ನಡುವೆ ಒಂದೇ ಒಂದು ಹಳದಿ. ಒಬ್ಬ ಹುಡುಗ ತುಂಬಾ ಹೊತ್ತು ನೋಡಿ, "ಎಲ್ಲರ ಕಾಲೂ ಎಡಕ್ಕೆ ಹೋಗ್ತಿವೆ, ಹಳದಿ ಕೊಡೆಯವರ ಚಪ್ಪಲಿ ಮಾತ್ರ ನಮ್ಮ ಕಡೆ ತಿರುಗಿದೆ" ಅಂದ. ಇನ್ನೊಬ್ಬಳು ಪುಟ್ಟಿ, "ಕೆಳಗೆ ನೀರು ನಿಂತಿದೆ, ಆದ್ರೆ ನೀರಲ್ಲಿ ಕೊಡೆ ಕಾಣ್ತಿಲ್ಲ" ಅಂದಳು. ಬರೆದವಳಿಗೆ ತಡೆಯಲಾಗದಷ್ಟು ಮಾತಾಡುವ ಆಸೆ. ಅವಳ ಸರದಿ ಬಂದಾಗ ಹೇಳಿದ್ದು ಇಷ್ಟೇ: "ಚಪ್ಪಲಿ ತಿರುಗಿದ್ದು ನಂಗೇ ಗೊತ್ತಿರಲಿಲ್ಲ." ಆಮೇಲೆ ತಾನೇ ಒದ್ದೆ ಬ್ರಷ್ಷಿನಿಂದ ಕೆಳಗಿನ ಬೂದು ಬಣ್ಣವನ್ನು ನೆನೆಸಿ, ಬಟ್ಟೆಯಲ್ಲಿ ಒತ್ತಿ ತೆಗೆದು, ಅಲ್ಲಿ ಚೂರು ಹಳದಿ ಬಿಟ್ಟಳು. ನಾನು ಒಂದು ಮಾತೂ ಹೇಳಿರಲಿಲ್ಲ.

ಮೊದಲೆಲ್ಲ ನಾನೇ ಪೆನ್ಸಿಲ್ ಹಿಡಿದು ಮಕ್ಕಳ ಹಾಳೆಯ ಮೇಲೇ ತಿದ್ದುತ್ತಿದ್ದೆ. ಇಲ್ಲಿನ ಸರ್ಕಾರ ಶಾಲಾ ಮಕ್ಕಳಿಗೆ ನಡೆಸುವ ಇಂಟರ್ಮೀಡಿಯಟ್ ಡ್ರಾಯಿಂಗ್ ಪರೀಕ್ಷೆಗೆ ಕೂರುವವರ ಅಪ್ಪ ಅಮ್ಮ ಅದನ್ನೇ ಕೇಳುತ್ತಿದ್ದರು ಕೂಡ. ಹಾಗೆ ತಿದ್ದಿಸಿಕೊಂಡ ಒಬ್ಬ ಹುಡುಗ ಆ ಚಿತ್ರವನ್ನು ಕ್ಲಾಸಿನಲ್ಲೇ ಬಿಟ್ಟು ಹೋದ, ಮತ್ತೆ ಕೇಳಲೇ ಇಲ್ಲ. ಅದು ಈಗಲೂ ನನ್ನ ಕಪಾಟಿನಲ್ಲಿದೆ, ನೋಡಿದಾಗೆಲ್ಲ ಸಂಕಟವಾಗುತ್ತದೆ. ಈಗ ಏನಾದರೂ ತೋರಿಸಲೇಬೇಕಾದರೆ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ಬರೆಯುತ್ತೇನೆ.

ತಮ್ಮ ಚಿತ್ರವನ್ನು ತಾವೇ ನೋಡುವುದು ಇನ್ನೂ ಕಷ್ಟ. ಚಿತ್ರವನ್ನು ತಲೆಕೆಳಗು ಮಾಡಿಸು, ಇಲ್ಲಾ ಕನ್ನಡಿಯಲ್ಲಿ ತೋರಿಸು, ವಾಲಿದ ಗೋಡೆ ಥಟ್ಟಂತ ಕಾಣುತ್ತದೆ. ಕಣ್ಣು ಅರ್ಧ ಮುಚ್ಚಿ ನೋಡಿದರೆ ಎಲ್ಲಿ ಕಪ್ಪು ಜಾಸ್ತಿಯಾಗಿದೆ ಅಂತ ಗೊತ್ತಾಗುತ್ತದೆ.

ಶುರುವಿಗೆ ಮಕ್ಕಳ ಚಿತ್ರ ಬೇಡ, ಯಾರಿಗೂ ನೋವಾಗದಂಥದ್ದು ತಗೋ. ನಾನು ಚಿತ್ರಕಲಾವಿದ ಕೆ. ಕೆ. ಹೆಬ್ಬಾರರ ಕುಣಿತದ ರೇಖಾಚಿತ್ರವೊಂದನ್ನು ಹೆಸರು ಹೇಳದೆ ತೋರಿಸಿದ್ದೆ. "ಬೆರಳೇ ಬರೆದಿಲ್ಲ, ಆದ್ರೂ ಕೈ ಕುಣೀತಿದೆ" ಅಂದಿತು ಒಂದು ಮಗು. ಅವರು 1911ರಲ್ಲಿ ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿ, ಇಲ್ಲೇ ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲೇ ಪಾಠವನ್ನೂ ಹೇಳಿದವರು ಅಂತ ಆಮೇಲೆ ಹೇಳಿದೆ. ನಮ್ಮ ಊರಿನವರಾ ಅಂತ ಉಡುಪಿ ಕಡೆಯ ಮಕ್ಕಳಿಗೆಲ್ಲ ಖುಷಿಯೋ ಖುಷಿ.

ಸೋಮವಾರ ನಿನ್ನ ಕ್ಲಾಸಿನಲ್ಲಿ ದಾರ ಕಟ್ಟು. ಮೊದಲು ಬಾಯಿಬಿಟ್ಟ ಮಗು ಏನು ಹೇಳಿತು ಅಂತ ಅದೇ ಮಾತಿನಲ್ಲಿ ಬರೆದು ಕಳಿಸು.

ನಿನ್ನ ಗೆಳೆಯ