ಹೂಬಿಟ್ಟ ಮಾವಿಗೆ ಈಗ ಕತ್ತಿ ಬೇಡ

ಮಾನ್ಯ ಸಂಪಾದಕರೇ,

ಶಿವರಾತ್ರಿ ಹತ್ತಿರವಾಗುತ್ತಿದ್ದಂತೆ ಉಡುಪಿ, ಮಂಗಳೂರು ಕಡೆ ಹಿತ್ತಲು ಶುಚಿ ಮಾಡುವ ಕೆಲಸ ಜೋರಾಗುತ್ತದೆ. ಕೆಲಸಕ್ಕೆ ಜನ ಸಿಕ್ಕಿದ ದಿನವೇ ಎಲ್ಲ ಮುಗಿಸುವ ಅವಸರದಲ್ಲಿ ಕಡಿಯಬಾರದ ಗೆಲ್ಲುಗಳನ್ನೂ ಕಡಿಸಿ, ಗುಡಿಸಿದ ತರಗೆಲೆಗೆ ಬೆಂಕಿ ಕೊಡುತ್ತೇವೆ. ಎರಡರಿಂದಲೂ ನಷ್ಟ ನಮಗೇ.

ಮಾವು, ಗೇರು ಎರಡೂ ಈಗ ಹೂವು, ಮಿಡಿಯಲ್ಲಿರುತ್ತವೆ. ಮಾವಿನ ಹೂಗೊಂಚಲು ಹೊರಡುವುದು ಬಲಿತ ಗೆಲ್ಲಿನ ತುದಿಯಲ್ಲಿ. ಆ ತುದಿ ಹೋದರೆ ಈ ವರ್ಷದ ಫಸಲೂ ಹೋಯಿತು. ಹೊಸ ಚಿಗುರು ಬಂದರೂ ಅದು ಬಲಿತು ಹೂಬಿಡಲು ಮುಂದಿನ ಚಳಿಗಾಲವೇ ಬರಬೇಕು. ಇವುಗಳನ್ನು ಸವರುವುದು ಕೊಯ್ಲು ಮುಗಿದ ಮೇಲೆ. ಈಗ ತೆಗೆಯಬೇಕಾದದ್ದು ಒಣಗೆಲ್ಲು ಮತ್ತು ಗೆಲ್ಲಿಗೆ ಅಂಟಿ ಬೆಳೆದು ಮರದ ಸಾರ ಹೀರುವ ಬಂದಳಿಕೆ ಗಿಡ ಮಾತ್ರ. ಬಂದಳಿಕೆಯನ್ನು ಹಣ್ಣಾಗುವ ಮುಂಚೆಯೇ ತೆಗೆಯಬೇಕು, ಹಣ್ಣು ತಿಂದ ಹಕ್ಕಿಗಳು ಅದರ ಅಂಟು ಬೀಜವನ್ನು ಬೇರೆ ಗೆಲ್ಲಿಗೆ ಒರೆಸಿ ಹೋಗುತ್ತವೆ. ಬರೀ ಕಿತ್ತರೆ ಪ್ರಯೋಜನವಿಲ್ಲ, ಗೆಲ್ಲಿನೊಳಗೆ ಉಳಿದ ಬೇರು ಮತ್ತೆ ಚಿಗುರುತ್ತದೆ. ಅದು ಅಂಟಿದ ಗಂಟಿನಿಂದ ಒಂದು ಅಡಿಯಷ್ಟು ಕಾಂಡದ ಕಡೆಗೆ ಸರಿದು ಗೆಲ್ಲನ್ನೇ ಕೊಯ್ಯಿರಿ.

ದಪ್ಪ ಗೆಲ್ಲನ್ನು ಮೇಲಿನಿಂದ ಒಂದೇ ಸಲ ಕಡಿದರೆ ಅರ್ಧಕ್ಕೆ ಮುರಿದು, ಕಾಂಡದ ತೊಗಟೆಯನ್ನೂ ಸಿಗಿದುಕೊಂಡು ಬೀಳುತ್ತದೆ. ಜೂನ್‌ನಲ್ಲಿ ಮಳೆ ಶುರುವಾದರೆ ಕೊಳೆ ಇಳಿಯುವುದು ಆ ಗಾಯದಿಂದಲೇ. ಕಾಂಡದಿಂದ ಒಂದು ಅಡಿ ಆಚೆ, ಅಡಿಭಾಗದಲ್ಲಿ ಮೂರನೇ ಒಂದರಷ್ಟು ಆಳಕ್ಕೆ ಗರಗಸ ಹಾಕಿ. ಅಲ್ಲಿಂದ ಎರಡು ಇಂಚು ಹೊರಗೆ ಮೇಲಿನಿಂದ ಕೊಯ್ದು ಭಾರ ಇಳಿಸಿ. ಉಳಿದ ಮೋಟನ್ನು ಗೆಲ್ಲಿನ ಬುಡದಲ್ಲಿ ಉಬ್ಬಿದ ಉಂಗುರವನ್ನು ಬಿಟ್ಟು ನಯವಾಗಿ ತೆಗೆಯಿರಿ. ಗಾಯ ಮುಚ್ಚುವ ತೊಗಟೆ ಬೆಳೆಯುವುದು ಆ ಉಂಗುರದಿಂದ. ಕೊಯ್ದ ಜಾಗಕ್ಕೆ ಬೋರ್ಡೋ ಮುಲಾಮು ಹಚ್ಚಿ: 100 ಗ್ರಾಂ ಮೈಲುತುತ್ತು (ತಾಮ್ರದ ಸಲ್ಫೇಟ್), 100 ಗ್ರಾಂ ಸುಣ್ಣ, ಒಟ್ಟು ಒಂದು ಲೀಟರ್ ನೀರು. ಎರಡನ್ನೂ ಅರ್ಧರ್ಧ ಲೀಟರಿನಲ್ಲಿ ಪ್ರತ್ಯೇಕ ಕರಗಿಸಿ, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು. ಪಾತ್ರೆ ಪ್ಲಾಸ್ಟಿಕ್‌ನದಿರಲಿ, ಕಬ್ಬಿಣದ್ದು ಬೇಡ. ಅಡಿಕೆಗೆ ಮದ್ದು ಬಿಡುವವರಿಗೆ ಇದು ಹೊಸತಲ್ಲ.

ಮಲ್ಲಿಗೆಯ ದೊಡ್ಡ ಸವರುವಿಕೆ ಚಳಿಯಲ್ಲೇ ಮುಗಿದಿರಬೇಕು. ಮೊಗ್ಗು ಬರುವುದು ಹೊಸ ಚಿಗುರಿನ ತುದಿಯಲ್ಲಿ, ಈಗ ಅದನ್ನು ಕತ್ತರಿಸಿದರೆ ಬೇಸಿಗೆಯ ಹೂವೇ ಕಡಿಮೆ. ದಾಸವಾಳವನ್ನು ಮೂರನೇ ಒಂದರಷ್ಟು ಇಳಿಸಬಹುದು, ಬುಡಕ್ಕೆ ನೀರಿದ್ದರೆ ಬೇಗ ಚಿಗುರುತ್ತದೆ. ಬಿಳಿ ಹಿಟ್ಟು ತಿಗಣೆ ಕೂತ ತುದಿಗಳನ್ನು ಮಾತ್ರ ಗೊಬ್ಬರದ ಗುಂಡಿಗೆ ಹಾಕಬೇಡಿ. ತೆಂಗಿನಲ್ಲಿ ಒಣಗಿ ಜೋತ ಮಡಲನ್ನಷ್ಟೇ ತೆಗೆಯಿರಿ. ಹಸಿ ಮಡಲು ಮರಕ್ಕೆ ಆಹಾರ ಮಾಡಿಕೊಡುತ್ತದೆ, ಗೊನೆಯ ಭಾರವನ್ನೂ ಹೊರುತ್ತದೆ.

ಇನ್ನು ತರಗೆಲೆ. ಸುಟ್ಟರೆ ಅದರ ಸಾರಜನಕ ಹೊಗೆಯೊಂದಿಗೆ ಹೋಗುತ್ತದೆ, ಬುಡದ ಸಣ್ಣ ಬೇರುಗಳು ಬೇಯುತ್ತವೆ. ನಮ್ಮ ಮುರಕಲ್ಲಿನ ಮಣ್ಣಿನಲ್ಲಿ ನೀರು ನಿಲ್ಲುವುದಿಲ್ಲ, ಮಳೆಗೆ ಇನ್ನೂ ಮೂರು ತಿಂಗಳಿದೆ. ಬುಡದ ಸುತ್ತ ನಾಲ್ಕು ಇಂಚು ದಪ್ಪಕ್ಕೆ ತರಗೆಲೆ ಹರಡಿದರೆ ತೇವ ಆರುವುದು ನಿಧಾನವಾಗುತ್ತದೆ. ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಡಿ, ಇಲ್ಲದಿದ್ದರೆ ಗೆದ್ದಲು ಹತ್ತುತ್ತದೆ.

ರಸ್ತೆ ಬದಿಯ ಮರಗಳ ಗೆಲ್ಲು ತೆಗೆಸುವಾಗ ಸ್ಥಳೀಯಾಡಳಿತಗಳು ಗುತ್ತಿಗೆದಾರರಿಗೆ ದಪ್ಪ ಗೆಲ್ಲಿಗೆ ಮೇಲೆ ಹೇಳಿದ ಮೂರು ಹಂತದ ಕೊಯ್ಯುವ ಕ್ರಮವನ್ನೇ ಕಡ್ಡಾಯ ಮಾಡಬೇಕು. ಗುಡಿಸಿದ ಎಲೆಯನ್ನು ಅಲ್ಲೇ ಸುಡುವ ಬದಲು ವಾರ್ಡಿನ ಒಂದು ಕಡೆ ರಾಶಿ ಹಾಕಿಸಲಿ. ಬೇಕಾದವರು ಗೋಣಿಯಲ್ಲಿ ತುಂಬಿಸಿಕೊಂಡು ಹೋಗುತ್ತಾರೆ.

– ಓದುಗರೊಬ್ಬರು, ಕಟಪಾಡಿ