ಜಿಪ್ಪಿರುವ ಚಡ್ಡಿ ಹಾಕಿಸು

ಗೆಳೆಯಾ,

ನಿನ್ನೆ ಫೋನಿಟ್ಟ ಮೇಲೆ ನಿದ್ದೆ ಬರಲಿಲ್ಲ ಮಾರಾಯ. ಮಗಳನ್ನು ಸ್ಪೋರ್ಟ್ಸಿಗೆ ಕಳಿಸುವುದಿಲ್ಲ ಅಂದೆ. ಡಾಕ್ಟರೇ ಓಡಲಿ ಅಂದ ಮೇಲೆ ನಿನ್ನದೇನು ತಕರಾರು? 'ಉಬ್ಬಸದ ಮಗು' ಅಂತ ಮೂರು ಸಲ ಹೇಳಿದೆ. ನಾನು ಎಣಿಸಿದ್ದೇನೆ.

ನನಗೂ ಇತ್ತಲ್ಲ, ಮರೆತೆಯಾ? ಮಳೆಗಾಲದಲ್ಲಿ ಗೋಡೆಗೆ ಬೂಸು ಹಿಡಿದರೆ ಸಾಕು, ಶುರು. ಎದೆಯೊಳಗೆ ಬೆಕ್ಕು ಗುರುಗುಟ್ಟಿದ ಹಾಗೆ. ಮೂರು ದಿಂಬು ಒಟ್ಟಿ ಕೂತೇ ನಿದ್ದೆ. ಅಮ್ಮ ಕಾರ್ಕಳದಿಂದ ಉಡುಪಿಗೆ ಬಸ್ಸಿನಲ್ಲಿ ಕರೆತರುತ್ತಿದ್ದಳು. ಮಳೆಗೆ ಟರ್ಪಾಲು ಇಳಿಸಿದರೆ ನನಗೆ ಉಸಿರು ಕಟ್ಟುತ್ತಿತ್ತು. ಅವಳು ಒಂದು ಮೂಲೆ ಎತ್ತಿ ಹಿಡಿದು, ಉಡುಪಿ ತನಕ ತೋಳು ನೆನೆಸಿಕೊಂಡೇ ಕೂರುತ್ತಿದ್ದಳು.

ಮೊನ್ನೆ ವಿಲ್ಮಾ ರುಡಾಲ್ಫ್ ಬಗ್ಗೆ ಓದುವಾಗ ಆ ಬಸ್ಸೇ ನೆನಪಾಯಿತು. ಅಮೆರಿಕದ ಟೆನೆಸಿಯ ಓಟಗಾರ್ತಿ, 1940ರಲ್ಲಿ ಹುಟ್ಟಿದ್ದು. 22 ಮಕ್ಕಳಲ್ಲಿ 20ನೆಯವಳು. ದಿನ ತುಂಬುವ ಮೊದಲೇ ಹುಟ್ಟಿದ ಕೂಸು, ತೂಕ ಸುಮಾರು ಎರಡು ಕೆ.ಜಿ. ನ್ಯುಮೋನಿಯಾ ಬಂತು, ಪೋಲಿಯೊವೂ ಬಂತು. ಎಡಗಾಲಿಗೆ ಲೋಹದ ಪಟ್ಟಿ. ಚಿಕಿತ್ಸೆಗೆ ತಾಯಿ ವಾರ ವಾರ ನ್ಯಾಶ್‌ವಿಲ್‌ಗೆ ಕರೆದೊಯ್ಯುತ್ತಿದ್ದಳು, ಸುಮಾರು 80 ಕಿ.ಮೀ. ಅಲ್ಲಿ ಆಗ ಕಪ್ಪು ಜನ ಬಸ್ಸಿನ ಹಿಂದಿನ ಸೀಟಿನಲ್ಲೇ ಕೂರಬೇಕಿತ್ತು. ಮನೆಗೆ ಬಂದರೆ ಎಲ್ಲರೂ ಸರದಿಯಲ್ಲಿ ದಿನಕ್ಕೆ ನಾಲ್ಕು ಸಲ ಅವಳ ಕಾಲು ತಿಕ್ಕುತ್ತಿದ್ದರಂತೆ. ನಾಲ್ಕು ಸಲ! ಅಜ್ಜಿಯ ಕಾಲಿಗೆ ಎಣ್ಣೆ ಹಚ್ಚು ಅಂದರೆ ನಾವು ತೋಟಕ್ಕೆ ಓಡುತ್ತಿದ್ದೆವು, ಅಲ್ವಾ?

1956ರ ಮೆಲ್ಬರ್ನ್ ಒಲಿಂಪಿಕ್ಸ್ ರಿಲೇಯಲ್ಲಿ ಅವಳಿಗೆ ಕಂಚು, ಆಗ ವಯಸ್ಸು ಹದಿನಾರು. 1960ರಲ್ಲಿ ರೋಮ್‌ನಲ್ಲಿ 100 ಮೀಟರ್, 200 ಮೀಟರ್, ರಿಲೇ, ಮೂರರಲ್ಲೂ ಚಿನ್ನ. ಜನ ಅವಳ ಛಲದ ಬಗ್ಗೆಯೇ ಜಾಸ್ತಿ ಹೇಳುತ್ತಾರೆ. ಇರಬಹುದು. ನನಗೆ ಕಾಣುವುದು ಆ ಹಿಂದಿನ ಸೀಟು.

ನಾನೇನು ದೊಡ್ಡ ಓಟಗಾರನಾಗಲಿಲ್ಲ ಬಿಡು. ಇದೇ ಉಡುಪಿಯ ಅಜ್ಜರಕಾಡು ಮೈದಾನದಲ್ಲಿ ಒಮ್ಮೆ 800 ಮೀಟರಿನಲ್ಲಿ ಮೂರನೆಯವನಾದೆ, ಅಷ್ಟೆ. ಚಡ್ಡಿ ಜೇಬಿನಲ್ಲಿ ಇನ್ಹೇಲರು ಕುಣಿಯುತ್ತಿತ್ತು. ಬಿದ್ದೀತು ಅಂತ ಹೆದರಿ ಒಂದು ಕೈಯಲ್ಲಿ ಅದನ್ನು ಒತ್ತಿ ಹಿಡಿದೇ ಕೊನೆಯ ಸುತ್ತು ಓಡಿದ್ದು. ಗೆರೆ ದಾಟಿ ಬಂದರೆ ಅಮ್ಮನ ಬೈಗುಳ: "ಎರಡೂ ಕೈ ಬೀಸಿದ್ದರೆ ಎರಡನೆಯವನಾಗುತ್ತಿದ್ದೆಯಲ್ಲ!"

ಭಾನುವಾರ ಬೆಳಿಗ್ಗೆ ಆರೂವರೆಗೆ ಮಗಳನ್ನು ಅಜ್ಜರಕಾಡಿಗೆ ಕರಕೊಂಡು ಬಾ. ಸುಮ್ನೆ ಎರಡು ಸುತ್ತು ನಡೆಯೋಣ, ಮೈ ಬಿಸಿಯಾದ ಮೇಲೆ ಅವಳು ಓಡಲಿ. ಡಾಕ್ಟರು ಕೊಟ್ಟ ಇನ್ಹೇಲರು ಮರೆಯಬೇಡ. ಮತ್ತೆ, ಜೇಬಿಗೆ ಜಿಪ್ಪಿರುವ ಚಡ್ಡಿಯನ್ನೇ ಹಾಕಿಸು.

ನಿನ್ನವ