ಹಿತ್ತಲ ಕೋಳಿಗಳಲ್ಲಿ ತಳಿಗೊಂದು ಸ್ವಭಾವ

ಮಾನ್ಯ ಸಂಪಾದಕರೇ,

ಕೊಡಗಿನ ತೋಟದ ಮನೆಗಳಲ್ಲಿ ನಾಟಿ ಕೋಳಿಯ ಜೊತೆಗೆ ಗಿರಿರಾಜ, ಸ್ವರ್ಣಧಾರಾ, ಕಡಕ್‌ನಾಥ್ ತಳಿಗಳನ್ನೂ ಒಂದೇ ಗೂಡಿನಲ್ಲಿ ಸಾಕುವವರಿದ್ದಾರೆ. ಮರಿ ಕೊಳ್ಳುವಾಗ ಮೊಟ್ಟೆ, ತೂಕ, ಬೆಲೆಗಳನ್ನು ವಿಚಾರಿಸುವ ನಾವು ಸ್ವಭಾವವನ್ನು ಮಾತ್ರ ಕೇಳುವುದಿಲ್ಲ. ಬೆಂಗಳೂರಿನಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ ಭಾರವಾದ, ಸಾಧು ಕೋಳಿ; ಅದಕ್ಕಿಂತ ಹಗುರವಾದರೂ ಚುರುಕಾದ ನಾಟಿ ಹೇಂಟೆ ಮೇವಿನ ಬಳಿಯಿಂದ ಅದನ್ನು ಕುಕ್ಕಿ ಓಡಿಸಬಲ್ಲದು. ಕಾಳಗಕ್ಕೇ ಹೆಸರಾದ ಅಸೀಲ್ ಹುಂಜವನ್ನಂತೂ ಬೇರೆ ಹುಂಜಗಳೊಡನೆ ಬಿಡಲೇಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಬೇಸಿಗೆಯಲ್ಲಿ ತೋಟವಿಡೀ ಅಲೆಯುವಾಗ ಸೋತ ಕೋಳಿಗೆ ತಪ್ಪಿಸಿಕೊಳ್ಳಲು ಜಾಗವಿರುತ್ತದೆ. ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆಗೆ ದಿನಗಟ್ಟಲೆ ಗೂಡಿನೊಳಗೇ ಉಳಿದಾಗ ಅದೇ ಜಗಳ ಜುಟ್ಟು ಹರಿದು ರಕ್ತ ಬರುವವರೆಗೂ ಹೋಗಿ, ರಕ್ತ ಕಂಡ ಉಳಿದ ಕೋಳಿಗಳೂ ಕುಕ್ಕತೊಡಗುತ್ತವೆ. ಆದ್ದರಿಂದ ಹೊಸದಾಗಿ ತಂದ ಕೋಳಿಗಳನ್ನು ಕೆಲವು ವಾರ ಪ್ರತ್ಯೇಕವಾಗಿಟ್ಟು, ರೋಗವಿಲ್ಲವೆಂದು ಖಾತ್ರಿಯಾದ ಬಳಿಕ ತಂತಿಬಲೆಯ ಆಚೀಚೆ ಬಿಟ್ಟು ಪರಸ್ಪರ ರೂಢಿಯಾಗಿಸಿ, ಆಮೇಲೆ ಸೇರಿಸುವುದು ಒಳ್ಳೆಯದು; ಮೇವು, ನೀರನ್ನು ಎರಡು ಮೂರು ಕಡೆ ಇಡಬೇಕು.

ಪಶುಪಾಲನಾ ಇಲಾಖೆಯವರು ಮರಿ ವಿತರಿಸುವಾಗ ಲಸಿಕೆಯ ವಿವರದೊಂದಿಗೆ ತಳಿಯ ಸ್ವಭಾವವನ್ನೂ ಸಾಕಣೆದಾರರಿಗೆ ತಿಳಿಸಬೇಕೆಂದು ವಿನಂತಿಸುತ್ತೇನೆ.

— ಓರ್ವ ಓದುಗ, ವಿರಾಜಪೇಟೆ